ಫಿಲಿಪ್ಪೀನ್ಸ್‌ನ ಪಹಿಯಾಸ್ ಸುಗ್ಗಿ ಹಬ್ಬದಲ್ಲಿ ಮನೆಗಳ ಮೇಲೆ ತೂಗುವ ಬಣ್ಣದ ಎಲೆಗಳು ಏನು?

ಅವು ನಿಜವಾದ ಎಲೆಗಳಲ್ಲ, ಅಕ್ಕಿಯವು! ಹೆಸರು ಕಿಪಿಂಗ್. ಬಣ್ಣ ಬೆರೆಸಿದ ಅಕ್ಕಿಹಿಟ್ಟನ್ನು ಎಲೆಯ ಮೇಲೆ ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಬಿಡಿಸುತ್ತಾರೆ. ಎಲೆಯ ನರಗಳೆಲ್ಲ ಅದರಲ್ಲಿ ಅಚ್ಚಾಗಿರುತ್ತವೆ. ನಮ್ಮ ಎಲೆ ಸಂಡಿಗೆ ಮಾಡಿದವರಿಗೆ ಈ ಕೆಲಸ ಹೊಸದೇನಲ್ಲ. ಹಬ್ಬ ಮುಗಿದ ಮೇಲೆ ಕರಿದು ತಿನ್ನುವುದೂ ಉಂಟು.

ಹಬ್ಬ ನಡೆಯುವುದು ಫಿಲಿಪ್ಪೀನ್ಸ್‌ನ ಕೆಸೋನ್ ಪ್ರಾಂತ್ಯದ ಲುಕ್ಬಾನ್ ಪಟ್ಟಣದಲ್ಲಿ, ಪ್ರತಿ ವರ್ಷ ಮೇ 15ರಂದು. ಅದು ರೈತರ ಪಾಲಕ ಸಂತ ಇಸಿದ್ರೋನ ದಿನ. ಈತ ಮ್ಯಾಡ್ರಿಡ್‌ನಲ್ಲಿದ್ದ ಹೊಲದಾಳು. ಇವನ ಆರಾಧನೆ ಸ್ಪ್ಯಾನಿಷ್ ಆಳ್ವಿಕೆಯೊಂದಿಗೆ ಇಲ್ಲಿಗೆ ಬಂತು. ಮೆರವಣಿಗೆ ಸಾಗುವ ಬೀದಿಯ ಮನೆಗಳವರು ಬತ್ತದ ತೆನೆ, ತರಕಾರಿ, ಹಣ್ಣುಗಳನ್ನು ಮುಂಬಾಗಿಲು, ಕಿಟಕಿಗಳಿಗೆ ಕಟ್ಟುತ್ತಾರೆ. ಸುಗ್ಗಿಗೆ ಕೃತಜ್ಞತೆ ಸಲ್ಲಿಸುವ ಬಗೆ ಇದು. ಮೆರವಣಿಗೆಯ ದಾರಿ ವರ್ಷ ವರ್ಷವೂ ಬದಲಾಗುವುದರಿಂದ ಸರದಿ ಬಂದ ಬೀದಿಯವರ ಹುರುಪು ಕೇಳಬೇಡಿ. ಅತ್ಯುತ್ತಮ ಅಲಂಕಾರಕ್ಕೆ ಬಹುಮಾನ ಬೇರೆ.

ಅಲ್ಲಿಗೆ ಹೋದರೆ ಪಾನ್ಸಿತ್ ಹಬ್‌ಹಬ್ ತಪ್ಪದೆ ಸಿಗುತ್ತದೆ. ಬಾಳೆಲೆಯ ಮೇಲೆ ಕೊಡುವ ಈ ನೂಡಲ್ಸನ್ನು ಚಮಚ ಮುಟ್ಟದೆ, ಕೈಯನ್ನೂ ಹಾಕದೆ, ಎಲೆಯನ್ನೇ ಬಾಯಿಗೆ ಹಿಡಿದು ತಿನ್ನಬೇಕು. ಮಾಂಸ ಇರುತ್ತದೆ, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ.