ದೋಣಿ ಎಂಜಿನ್ ಬೆಳಗ್ಗೆ ಯಾಕೆ ಹಠ ಹಿಡಿಯುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಕೊಡಗಿನ ಕರಡಿಗೋಡಿನಲ್ಲಿ, ಕಾವೇರಿ ದಡದಲ್ಲೇ. 2019ರ ಆಗಸ್ಟ್‌ನಲ್ಲಿ ಹೊಳೆ ಮನೆಯೊಳಗೆ ಬಂತು. ಆಮೇಲೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದು ಫೈಬರ್ ದೋಣಿ ಮಾಡಿಸಿಕೊಂಡೆವು. ಮಲ್ಪೆ ಕಡೆಯಿಂದ 15 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಸೆಕೆಂಡ್ ಹ್ಯಾಂಡ್ ತಂದೆವು. ಮಳೆಗಾಲ ಮುಗಿದ ಮೇಲೆ ಅದು ಕಾಫಿ ಗೋಡೌನ್‌ನಲ್ಲಿ ಇರುತ್ತದೆ. ಜೂನ್‌ನಲ್ಲಿ ತೆಗೆದರೆ ಹಗ್ಗ ಎಳೆದೂ ಎಳೆದೂ ಭುಜ ಬಿದ್ದುಹೋಗುತ್ತದೆ. ಒಮ್ಮೆ ಹೊತ್ತಿಕೊಂಡರೆ ಚೆನ್ನಾಗಿ ಓಡುತ್ತದೆ. ನಿಲ್ಲಿಸಿ ಮತ್ತೆ ಎಳೆದರೆ ಒಂದೇ ಎಳೆತಕ್ಕೆ ಸ್ಟಾರ್ಟ್. ಮಾರನೇ ದಿನ ಮತ್ತೆ ಅದೇ ಕಥೆ. ಪೆಟ್ರೋಲ್ ಪೈಪಿನ ರಬ್ಬರ್ ಬಲ್ಬ್ ಎಷ್ಟು ಒತ್ತಿದರೂ ಮೆತ್ತಗೇ ಇರುತ್ತದೆ. ಬೈಕ್ ಮೆಕ್ಯಾನಿಕ್ ಒಬ್ಬರು ಬೋರ್ ಮಾಡಿಸಿ ರಿಂಗ್ ಹಾಕಿಸಿ ಅಂದಿದ್ದಾರೆ. ಹಾಕಿಸಬೇಕಾ? (ಓದುಗರು, ಕರಡಿಗೋಡು)

ಉತ್ತರ: ಬೇಡ. ಸಿಲಿಂಡರ್ ಕೊರೆಸಿ ಹೊಸ ರಿಂಗ್ ಹಾಕಿಸುವ ಆ ಬೋರ್ ಕೆಲಸಕ್ಕೆ ಈಗ ಒಂದು ರೂಪಾಯಿಯೂ ಖರ್ಚು ಮಾಡಬೇಡಿ.

ಬಿಸಿಯಾದ ಮೇಲೆ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ ಅಂತ ನೀವೇ ಬರೆದಿದ್ದೀರಿ. ರಿಂಗ್ ಸವೆದ ಎಂಜಿನ್ ಬಿಸಿಯಾದಾಗಲೂ ತಕರಾರು ಮಾಡುತ್ತದೆ. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಕೆಟ್ಟಿದ್ದರೆ ಹೆಚ್ಚಾಗಿ ಬಿಸಿಯಾದ ಮೇಲೇ ಕೈಕೊಡುತ್ತದೆ. ನಿಮ್ಮದು ತಣ್ಣಗಿದ್ದಾಗ ಮಾತ್ರ ಹಠ. ಅಂದರೆ ತಣ್ಣಗಿನ ಎಂಜಿನ್ ಕೇಳುವಷ್ಟು ಪೆಟ್ರೋಲ್ ಸಿಲಿಂಡರಿಗೆ ಹೋಗುತ್ತಿಲ್ಲ, ಅಥವಾ ಹೋಗುತ್ತಿರುವ ಪೆಟ್ರೋಲೇ ಸರಿಯಿಲ್ಲ. ನನ್ನ ಪ್ರಕಾರ ನಿಮ್ಮಲ್ಲಿ ಎರಡೂ ಇವೆ.

ಮೊದಲು ಆ ಬಲ್ಬ್ ನೋಡೋಣ. ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವುದು ಅದರ ಕೆಲಸ. ಅದರ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಅದು ಎಂಜಿನ್ ಕಡೆ ಇರಬೇಕು. ಒತ್ತುವಾಗ ಬಾಣ ಮೇಲಕ್ಕೆ ಬರುವ ಹಾಗೆ ಬಲ್ಬನ್ನು ನೆಟ್ಟಗೆ ಹಿಡಿಯಿರಿ. ಅಡ್ಡಡ್ಡ ಹಿಡಿದರೆ ಒಳಗಿನ ವಾಲ್ವ್ ಸರಿಯಾಗಿ ಕೂರುವುದಿಲ್ಲ. ಹಲವು ಸಲ ಒತ್ತಿದ ಮೇಲೆ ಬಲ್ಬ್ ಬಲಿತ ಕಿತ್ತಳೆ ಕಾಯಿಯಷ್ಟು ಗಟ್ಟಿಯಾಗಬೇಕು. ಆಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ವಾಲ್ವ್ ಹೋಗಿದೆ. ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ ತೆರೆಯುವುದನ್ನು ಮರೆತರೆ ಬೇರೆ ಥರ ಆಗುತ್ತದೆ. ಆಗ ಎಂಜಿನ್ ಸ್ವಲ್ಪ ಓಡಿ, ಬಲ್ಬ್ ಚಪ್ಪಟೆಯಾಗಿ, ನಿಂತುಹೋಗುತ್ತದೆ. ಮಳೆ ನೀರು ಹೋಗದಿರಲಿ ಅಂತ ಆ ಸ್ಕ್ರೂವನ್ನು ಬಿಗಿ ಮಾಡಿಡುವವರು ನಮ್ಮಲ್ಲಿ ಬಹಳ ಜನ. ಇಡುವಾಗ ಬಿಗಿ ಮಾಡಿ, ಓಡಿಸುವಾಗ ಸಡಿಲಿಸಿ.

ಬಲ್ಬಿಗೂ ಎಂಜಿನ್‌ಗೂ ನಡುವೆ ಪೈಪ್ ಸೀಳಿದ್ದರೆ ಒತ್ತಿದಾಗ ಪೆಟ್ರೋಲ್ ಜಿನುಗುತ್ತದೆ, ವಾಸನೆಯೂ ಬರುತ್ತದೆ. ಅದನ್ನು ಕಂಡುಹಿಡಿಯುವುದು ಸುಲಭ. ಟ್ಯಾಂಕಿಗೂ ಬಲ್ಬಿಗೂ ನಡುವೆ ಸೀಳಿದ್ದರೆ ಹೊರಗೆ ಏನೂ ಕಾಣುವುದಿಲ್ಲ. ಅಲ್ಲಿ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದನ್ನು ಹಿಡಿಯಲು ಆ ಭಾಗಕ್ಕೆ ಒಂದು ಗೇಣು ಪಾರದರ್ಶಕ ಪೆಟ್ರೋಲ್ ಪೈಪ್ ಹಾಕಿ ಬಲ್ಬ್ ಒತ್ತಿ ನೋಡಿ. ಗುಳ್ಳೆ ಸಾಲಾಗಿ ಬಂದರೆ ಕಳ್ಳ ಸಿಕ್ಕಿದ. ಹೆಚ್ಚಾಗಿ ತೊಂದರೆ ಇರುವುದು ಟ್ಯಾಂಕಿನ ಮತ್ತು ಎಂಜಿನ್‌ನ ಕನೆಕ್ಟರ್‌ಗಳ ಒಳಗಿನ ಓ-ರಿಂಗ್‌ನಲ್ಲಿ. ಗೋಡೌನ್‌ನ ಸೆಕೆಯಲ್ಲಿ ತಿಂಗಳುಗಟ್ಟಲೆ ಕೂತು ಅದು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಪೈಪಿಗೆ ಕ್ಲಿಪ್ ಬದಲು ಕಬ್ಬಿಣದ ತಂತಿ ಸುತ್ತಿದ್ದರೆ ಅದನ್ನೂ ಬಿಚ್ಚಿ, ಸರಿಯಾದ ಕ್ಲಿಪ್ ಹಾಕಿ. ಬಲ್ಬ್, ಪೈಪ್, ಎರಡೂ ಕನೆಕ್ಟರ್ ಸೇರಿದ ಸೆಟ್ಟೇ ಸಿಗುತ್ತದೆ. ಹಳೆಯದಕ್ಕೆ ತೇಪೆ ಹಾಕುವುದಕ್ಕಿಂತ ಸೆಟ್ಟನ್ನೇ ಬದಲಿಸುವುದು ಒಳ್ಳೆಯದು. ಹೊಳೆ ಏರುವಾಗ ನಂಬಬೇಕಾದ ಎಂಜಿನ್ ಅಲ್ವಾ ಇದು.

ಇನ್ನು ಪೆಟ್ರೋಲ್. ಕಳೆದ ಮಳೆಗಾಲದಲ್ಲಿ ಉಳಿದದ್ದನ್ನು ಟ್ಯಾಂಕಿನಲ್ಲೇ ಬಿಟ್ಟಿದ್ದೀರಾ ಅಂತ ನೀವು ಬರೆದಿಲ್ಲ. ಬಿಟ್ಟಿದ್ದರೆ ಅರ್ಧ ರೋಗ ಅದೇ. 2022ರ ಜೂನ್ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 10 ಎಥನಾಲ್ ಬೆರೆಯುತ್ತಿತ್ತು. 2025ಕ್ಕೆ ಅದು ಶೇಕಡಾ 20 ಆಯಿತು. ದಿನಾ ಓಡುವ ಗಾಡಿಯಲ್ಲಿ ಪೆಟ್ರೋಲ್ ನಿಂತು ಹಳಸಲು ಪುರುಸೊತ್ತೇ ಇರುವುದಿಲ್ಲ. ಆದರೆ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕೊಡಗಿನ ಗಾಳಿಯಲ್ಲಿ ತೇವಕ್ಕೆ ಬರವೇ? ಹೀರಿದ ನೀರು ಒಂದು ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್‌ಗೆ ಹೋಗುವ ಪೈಪ್ ಎಳೆಯುವುದು ಆ ತಳದಿಂದಲೇ. ಪೆಟ್ರೋಲಿಗೇ ಆಯಿಲ್ ಕಲಸಿ ಓಡಿಸುವ ಟೂ ಸ್ಟ್ರೋಕ್‌ಗೆ ಇದು ಇನ್ನೂ ಕೆಟ್ಟದ್ದು. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ತಳದ ನೀರಿನಲ್ಲಿ ಇರುವುದಿಲ್ಲ. ಹೇಗೋ ಸ್ಟಾರ್ಟ್ ಆದರೂ ಪಿಸ್ಟನ್‌ಗೆ ಆಯಿಲ್ ಸಿಗದೆ ಉಜ್ಜಿಹೋಗಬಹುದು. ಆಗ ನಿಜವಾಗಿಯೂ ಬೋರ್ ಮಾಡಿಸಬೇಕಾಗುತ್ತದೆ.

ಪರೀಕ್ಷೆ ಮಾಡಲು ಒಂದು ಬಿಳಿ ಗಾಜಿನ ಬಾಟಲಿ ಸಾಕು. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲ್ ಅದಕ್ಕೆ ತೆಗೆದು, ಅಲುಗಾಡಿಸದೆ ಒಂದು ಗಂಟೆ ಇಡಿ. ಬೆಳಕಿಗೆ ಹಿಡಿದು ನೋಡಿ. ಕೆಳಗೆ ಬೇರೆ ಪದರ ಕಂಡರೆ, ಅಥವಾ ಪೂರ್ತಿ ಮಬ್ಬಾಗಿದ್ದರೆ, ಅದು ಎಂಜಿನ್‌ಗೆ ಬೇಡ. ಪೇಂಟಿನಂಥ ಹುಳಿ ವಾಸನೆ ಬಂದರೂ ಬೇಡ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತೊಳೆದು ಒಣಗಿಸಿ, ಹೊಸ ಪೆಟ್ರೋಲ್ ಹಾಕಿ. ಮಳೆಗಾಲ ಅಂತ ಟ್ಯಾಂಕನ್ನಾಗಲಿ ಪ್ಲಗ್ಗನ್ನಾಗಲಿ ಒಲೆ ಹತ್ತಿರ ಒಣಗಿಸಲು ಇಡಲೇಬೇಡಿ. ಈ ಮಾತನ್ನು ಮಕ್ಕಳಿಗೂ ಹೇಳಿಡಿ.

ಕೆಟ್ಟ ಪೆಟ್ರೋಲ್ ಕಾರ್ಬೊರೇಟರಿನಲ್ಲೂ ಕೂತಿರುತ್ತದೆ. ಅದರ ತಳದ ಬಟ್ಟಲಿಗೆ ಒಂದು ಸ್ಕ್ರೂ ಇದೆ. ಕೆಳಗೆ ಸ್ಟೀಲ್ ತಟ್ಟೆ ಹಿಡಿದು ಅದನ್ನು ಬಿಚ್ಚಿ. ಬಂದದ್ದರಲ್ಲಿ ಹನಿಹನಿ ನೀರು ಉರುಳಿದರೆ, ಕಂದು ಜಿಗುಟು ಕಂಡರೆ, ಬಿಳಿ ಪುಡಿ ಬಂದರೆ ಕಾರ್ಬೊರೇಟರ್ ಬಿಚ್ಚಲೇಬೇಕು. ತಣ್ಣಗಿನ ಸ್ಟಾರ್ಟ್‌ಗೆ ಮುಖ್ಯವಾದದ್ದು ಪೈಲಟ್ ಜೆಟ್, ಅಂದರೆ ನಿಧಾನ ಓಟದಲ್ಲಿ ಪೆಟ್ರೋಲ್ ಬಿಡುವ ಸಣ್ಣ ಹಿತ್ತಾಳೆ ತುಂಡು. ಅದರ ತೂತು ಎಷ್ಟು ಸಣ್ಣದೆಂದರೆ ಒಣಗಿದ ಪೆಟ್ರೋಲಿನ ಒಂದು ತೆಳು ಪೊರೆ ಸಾಕು, ಮುಚ್ಚಿಹೋಗುತ್ತದೆ. ದೊಡ್ಡ ಜೆಟ್ ಸರಿಯಿರುವುದರಿಂದ ಎಕ್ಸಲೇಟರ್ ಕೊಟ್ಟಾಗ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಅದಕ್ಕೇ ಜನ ಕಾರ್ಬೊರೇಟರನ್ನು ಅನುಮಾನಿಸುವುದಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಗಾಳಿ ಊದಿ. ಸೂಜಿ, ಸ್ಟೀಲ್ ತಂತಿ ತೂರಿಸಬೇಡಿ. ಹಿತ್ತಾಳೆ ಜೆಟ್‌ನ ತೂತು ದೊಡ್ಡದಾದರೆ ಸರಿಮಾಡಲು ಆಗುವುದಿಲ್ಲ, ಹೊಸದೇ ಬೇಕು.

ಮಲ್ಪೆ ಎಂಜಿನ್ ಅಂದಿರಿ. ಇದನ್ನು ಗಮನ ಕೊಟ್ಟು ಓದಿ. ಕರಾವಳಿಯ ನಾಡದೋಣಿಗಳಲ್ಲಿ ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳು ಬಹಳ ಇವೆ. ನಾನು ಕೆಲಸ ಕಲಿತದ್ದು ಆ ಕಡೆಯೇ. ಅಲ್ಲಿಯವರು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ದಡ ಮುಟ್ಟುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಸ್ವಲ್ಪ ಓಡಿಸಿ ನಿಲ್ಲಿಸುತ್ತಾರೆ. ಇಲ್ಲವಾದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿಯುತ್ತದೆ, ತಣ್ಣಗಿನ ಎಂಜಿನ್‌ನಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಎಂಜಿನ್‌ನಲ್ಲಿ ಎರಡು ಪೈಪು ಬಂದು ಸೇರುವ ತಿರುಗಿಸುವ ಕಾಕ್ ಇದೆಯಾ ನೋಡಿ. ಇದ್ದರೆ, ನಾಲ್ಕು ಮನೆಯವರಲ್ಲಿ ಯಾರಾದರೂ ಉಳಿತಾಯಕ್ಕೆ ಸೀಮೆಎಣ್ಣೆ ಹಾಕಿದ್ದಾರಾ ಕೇಳಿ. ಸೀಮೆಎಣ್ಣೆ ಎಂಜಿನ್ ಪೆಟ್ರೋಲಿನಲ್ಲಿ ಓಡುತ್ತದೆ, ಚಿಂತೆ ಬೇಡ. ಆದರೆ ಪೆಟ್ರೋಲ್ ಎಂಜಿನ್‌ಗೆ ಸೀಮೆಎಣ್ಣೆ ಬೆರೆಸಬಾರದು.

ಪ್ಲಗ್ ವಿಷಯ ಬೇಗ ಹೇಳುತ್ತೇನೆ. ಎರಡೂ ಹೊಸದು ಹಾಕಿ, ಎಂಜಿನ್‌ನ ಪುಸ್ತಕದಲ್ಲಿರುವ ನಂಬರಿನದ್ದೇ. ಬೈಕಿನದ್ದು ಬೇಡ. ಎನ್‌ಜಿಕೆ ಪ್ಲಗ್ ನಂಬರಿನ ಕೊನೆಗೆ 10 ಅಂತ ಇದ್ದರೆ ಗ್ಯಾಪ್ 1.0 ಮಿ.ಮೀ. ಎಂದರ್ಥ. ಕಿಡಿ ನೋಡುವಾಗ ಎರಡೂ ಪ್ಲಗ್‌ಗಳು ಎಂಜಿನ್‌ನ ಲೋಹಕ್ಕೆ ತಾಗಿರಲಿ. ಒಂದನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟು ಎಳೆದರೆ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಡಬ್ಬಿ ಸುಟ್ಟುಹೋಗಬಹುದು. ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ಗೋಡೌನ್‌ನಲ್ಲಿ ಇಲಿ ಇದ್ದರೆ ಮೇಲಿನ ಮುಚ್ಚಳ ತೆಗೆದು ವೈರ್‌ಗಳನ್ನೂ ಒಮ್ಮೆ ನೋಡಿ.

ಇಷ್ಟು ಆದ ಮೇಲೆ ಸ್ಟಾರ್ಟ್ ಮಾಡುವ ಕ್ರಮ. ಗೇರ್ ನ್ಯೂಟ್ರಲ್‌ಗೆ, ಕಿಲ್ ಸ್ವಿಚ್‌ನ (ಕ್ಲಿಪ್ ಕಿತ್ತರೆ ಎಂಜಿನ್ ನಿಲ್ಲಿಸುವ ಸ್ವಿಚ್) ಕೆಂಪು ಹಗ್ಗದ ಕ್ಲಿಪ್ ಜಾಗದಲ್ಲಿ, ಗಾಳಿ ಸ್ಕ್ರೂ ತೆರೆದು, ಬಲ್ಬ್ ಗಟ್ಟಿಯಾಗುವವರೆಗೆ ಒತ್ತಿ. ಚೋಕ್ ಪೂರ್ತಿ ಎಳೆಯಿರಿ, ಎಕ್ಸಲೇಟರನ್ನು ಸ್ಟಾರ್ಟ್ ಗುರುತಿಗೆ ತನ್ನಿ. ಹಗ್ಗವನ್ನು ಮೊದಲು ನಿಧಾನವಾಗಿ ಎಳೆದು, ಹಿಡಿತ ಸಿಕ್ಕ ಮೇಲೆ ಜೋರಾಗಿ ಎಳೆಯಿರಿ. ಎಂಜಿನ್ ಒಮ್ಮೆ ಕೆಮ್ಮಿದ ಕೂಡಲೇ ಚೋಕ್ ಅರ್ಧ ಒಳಗೆ ತಳ್ಳಿ. ಇಲ್ಲೇ ಎಲ್ಲರೂ ಎಡವುವುದು. ಚೋಕ್ ಹಾಗೇ ಬಿಟ್ಟು ಎಳೆಯುತ್ತಾ ಹೋದರೆ ಓವರ್‌ಫ್ಲೋ ಆಗಿ ಪ್ಲಗ್ ಒದ್ದೆಯಾಗುತ್ತದೆ. ಹಾಗಾದರೆ ಚೋಕ್ ಪೂರ್ತಿ ಒಳಗೆ ತಳ್ಳಿ, ಬಲ್ಬ್ ಮುಟ್ಟದೆ, ಎಕ್ಸಲೇಟರ್ ತೆರೆದು ನಾಲ್ಕಾರು ಸಲ ಎಳೆಯಿರಿ. ಹೊತ್ತಿಕೊಂಡ ಕೂಡಲೇ ಎಕ್ಸಲೇಟರ್ ಇಳಿಸಿ.

ಮಳೆಗಾಲ ಮುಗಿದು ಎಂಜಿನ್ ಎತ್ತಿಡುವ ದಿನ, ಅದು ನೀರಿನಲ್ಲಿದ್ದಾಗಲೇ ಪೆಟ್ರೋಲ್ ಪೈಪ್ ಕಳಚಿ, ಕಾರ್ಬೊರೇಟರಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿ. ಉಳಿದ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಡಬೇಡಿ, ಖಾಲಿ ಮಾಡಿಡಿ. ಮತ್ತೆ ಹೊರಗೆ ತೆಗೆಯಲು ಜೂನ್‌ಗೆ ಕಾಯಬೇಡಿ. ಮೇ ತಿಂಗಳಲ್ಲೇ ಒಮ್ಮೆ ಓಡಿಸಿ ನೋಡಿ. ರಿಪೇರಿ ಬಂದರೆ ಆಗ ಪಾರ್ಟ್ಸ್ ತರಿಸಲು ಸಮಯ ಇರುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದು ರಸ್ತೆ ಮುಳುಗಿದ ಮೇಲೆ ಪಾರ್ಟ್ಸೂ ಬರುವುದಿಲ್ಲ, ಮೆಕ್ಯಾನಿಕ್ಕೂ ಬರುವುದಿಲ್ಲ. ದೋಣಿಯಲ್ಲಿ ಹುಟ್ಟು ಮತ್ತು ಎಲ್ಲರಿಗೂ ಲೈಫ್ ಜಾಕೆಟ್ ಇರಲಿ. ಕಿಲ್ ಸ್ವಿಚ್ ಹಗ್ಗ ಓಡಿಸುವವರ ಕೈಗೆ ಕಟ್ಟಿರಲಿ.

ಪ್ರಶ್ನೆ: ನೀವು ಹಿಂದೆ ಬೋಟಿಗೆ ಬೇರೆ ಆಯಿಲ್ ಬೇಕು ಅಂದಿದ್ದಿರಿ. ತೋಟದಲ್ಲಿ ಕಳೆ ಮೆಷಿನ್‌ಗೆ ಕಲಸಿದ ಪೆಟ್ರೋಲ್ ಯಾವಾಗಲೂ ಇರುತ್ತದೆ. ಅದನ್ನೇ ಹಾಕಿದರೆ ಏನಾಗುತ್ತದೆ? (ಓದುಗರು, ಸುಂಟಿಕೊಪ್ಪ)

ಉತ್ತರ: ತುರ್ತಿಗೆ ಒಂದು ದಿನ ಹಾಕಿದರೆ ಏನೂ ಆಗುವುದಿಲ್ಲ. ರೂಢಿ ಮಾಡಬೇಡಿ. ಕಳೆ ಮೆಷಿನ್ ಗಾಳಿಯಿಂದ ತಣಿಯುವ ಎಂಜಿನ್, ಬಹಳ ಬಿಸಿಯಾಗಿ ಓಡುತ್ತದೆ. ಅದರ 2ಟಿ (ಟೂ ಸ್ಟ್ರೋಕ್) ಆಯಿಲ್ ಆ ಬಿಸಿಗೆ ಮಾಡಿದ್ದು. ಬೋಟಿನ ಎಂಜಿನ್ ಹೊಳೆ ನೀರಿನಿಂದ ತಣಿಯುತ್ತದೆ. ಅಷ್ಟು ಬಿಸಿಯಾಗದ ಎಂಜಿನ್‌ನಲ್ಲಿ 2ಟಿ ಆಯಿಲ್ ಪೂರ್ತಿ ಉರಿಯದೆ ಪ್ಲಗ್ ಮೇಲೆ ಬೂದಿ ಕೂರಿಸುತ್ತದೆ. ಬೋಟಿಗೆ ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುವ ಆಯಿಲ್ ತನ್ನಿ. ಅಳತೆ ನಿಮ್ಮ ಎಂಜಿನ್‌ನ ಪುಸ್ತಕದಂತೆ. 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿ.ಲೀ., 25ಕ್ಕೆ 1 ಅಂತ ಇದ್ದರೆ 40 ಮಿ.ಲೀ. ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಅನ್ನುವ ನಂಬಿಕೆ ಬಿಡಿ. ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮತ್ತೆ ಸ್ಟಾರ್ಟಿಂಗ್ ತೊಂದರೆ.

ಪ್ರಶ್ನೆ: ಅಣ್ಣ, ಹಾರಂಗಿ ಹಿನ್ನೀರಿನ ಹತ್ತಿರ ನಮ್ಮದು ಚಿಕ್ಕ ಹೋಂಸ್ಟೇ. ಬೋಟ್ ನೀರಿಗೆ ಇಳಿಸುವ ಮೊದಲು ಅಂಗಳದಲ್ಲೇ ಸುಮ್ನೆ ಒಂದು ನಿಮಿಷ ಸ್ಟಾರ್ಟ್ ಮಾಡಿ ನೋಡಬಹುದಾ? (ಓದುಗರು, ಹಾರಂಗಿ)

ಉತ್ತರ: ಒಣಗಿದ್ದಾಗ ಬೇಡ ಅಕ್ಕ, ಒಂದು ನಿಮಿಷವೂ ಬೇಡ. ನೀರು ಎಳೆಯುವ ಪಂಪಿನೊಳಗೆ ರಬ್ಬರ್ ಇಂಪೆಲ್ಲರ್ ಇದೆ. ನೀರಿಲ್ಲದೆ ತಿರುಗಿದರೆ ಅದು ಬೇಗ ಸುಟ್ಟುಹೋಗುತ್ತದೆ. 200 ಲೀಟರಿನ ಡ್ರಮ್ ಇದ್ದರೆ ಅದರ ಅಂಚಿಗೆ ಗಟ್ಟಿ ಹಲಗೆ ಕಟ್ಟಿ ಎಂಜಿನ್ ಕೂರಿಸಿ. ಪ್ರೊಪೆಲ್ಲರಿನ ಮೇಲಿನ ಅಗಲ ತಟ್ಟೆ ಮುಳುಗಿ, ಅದಕ್ಕೂ ಒಂದು ಗೇಣು ಮೇಲೆ ನೀರು ನಿಲ್ಲಬೇಕು. ನ್ಯೂಟ್ರಲ್‌ನಲ್ಲೇ ಸ್ಟಾರ್ಟ್ ಮಾಡಿ, ಗೇರ್ ಹಾಕಬೇಡಿ. ಸ್ಟಾರ್ಟ್ ಆದ ಕೂಡಲೇ ಹಿಂಬದಿಯ ಸಣ್ಣ ತೂತಿನಿಂದ ನೀರು ಚಿಮ್ಮುತ್ತದಾ ನೋಡಿ. ಚಿಮ್ಮದಿದ್ದರೆ ತಕ್ಷಣ ನಿಲ್ಲಿಸಿ ಆ ತೂತಿಗೆ ತೆಳು ತಂತಿ ಹಾಕಿ. ಬೇಸಿಗೆಯಲ್ಲಿ ಕಣಜ ಅಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟಿರುತ್ತದೆ. ಅದು ಸರಿಯಿದ್ದೂ ನೀರು ಬಾರದಿದ್ದರೆ ಇಂಪೆಲ್ಲರ್ ಬದಲಿಸಿದ ಮೇಲೆಯೇ ಬೋಟ್ ಇಳಿಸಿ.