ದಾರಿ ತಪ್ಪಿಸಿದವನ ಹೆಸರೇನು, ಮೇಷ್ಟ್ರೇ?

"ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹೆಸ್ಕೆಟ್ ನ್ಯೂಮಾರ್ಕೆಟ್ ಎಂಬ ಹಳ್ಳಿಯ ಪಬ್ಬಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಕುಡಿಯುವ ಜಾಗಕ್ಕೆ ಇತಿಹಾಸ ಬೇರೆ ಕೇಡು! ಆ ಊರಿಗೆ ಕಾದಂಬರಿಕಾರ ಡಿಕನ್ಸ್ ಬಂದಿದ್ದ. ಅದನ್ನು ಬರೆಯಬಹುದಿತ್ತಲ್ಲ?"
– ನಿವೃತ್ತ ಇತಿಹಾಸ ಮೇಷ್ಟ್ರು, ದಾವಣಗೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ಕುಡಿತ ಮನೆ ಹಾಳು ಮಾಡುತ್ತದೆ, ಒಪ್ಪಿದೆ. ಆ ಮಾತು ಅಲ್ಲಿಗೆ ಬಿಡೋಣ. ಡಿಕನ್ಸ್‌ನನ್ನು ನೀವೇ ಕರೆತಂದಿರಿ, ನಾನು ಸುಮ್ನೆ ಬಿಡುವವನಲ್ಲ.

1857ರಲ್ಲಿ ಡಿಕನ್ಸ್ ಮತ್ತು ಅವನ ಗೆಳೆಯ, ಲೇಖಕ ವಿಲ್ಕಿ ಕಾಲಿನ್ಸ್ ಆ ಊರಿನ ಕ್ವೀನ್ಸ್ ಹೆಡ್ ಎಂಬ ಇನ್‌ಗೆ, ಅಂದರೆ ಊಟ-ವಸತಿಯ ಹಳೇ ಕಾಲದ ಹೋಟೆಲಿಗೆ, ಬಂದರು. ಪಕ್ಕದ ಕ್ಯಾರಕ್ ಬೆಟ್ಟ ಹತ್ತುವ ಹುಚ್ಚು. ದಾರಿ ತೋರಿಸಲು ಹೊರಟವನು ಇನ್ ನಡೆಸುತ್ತಿದ್ದ ಲ್ಯಾಂಡ್‌ಲಾರ್ಡ್. ಅವನೇ ಆ ಬೆಟ್ಟ ಹತ್ತಿ ಎಷ್ಟೋ ವರ್ಷವಾಗಿತ್ತು! ಮಳೆ, ಮಂಜು. ದಿಕ್ಸೂಚಿ ಒಡೆಯಿತು. ದಾರಿ ತಪ್ಪಿತು. ಇಳಿಯುವಾಗ ಕಾಲಿನ್ಸ್ ಕಾಲು ಉಳುಕಿಸಿಕೊಂಡ. ಇಬ್ಬರೂ ಸೇರಿ ಬರೆದ ಪ್ರವಾಸ ಕಥನದಲ್ಲಿ ಇನ್‌ನ ಕೋಣೆಯಲ್ಲಿದ್ದ ಚಿಕ್ಕಪುಟ್ಟ ಸಾಮಾನೂ ಬರುತ್ತದೆ. ಮಳೆಯಲ್ಲಿ ಜೊತೆಗೆ ನೆನೆದವನು ಮಾತ್ರ ಬರೀ 'ಲ್ಯಾಂಡ್‌ಲಾರ್ಡ್'.

ಲ್ಯಾಂಡ್‌ಲಾರ್ಡ್ ಅಂದರೆ ಜಮೀನ್ದಾರ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಕಟ್ಟಡ ಬಿಯರ್ ಕಂಪನಿಯದು, ಇವನು ಬಾಡಿಗೆದಾರ. ಅವರ ಬಿಯರನ್ನೇ ಕೊಳ್ಳಬೇಕು. ಆದರೆ ಪರವಾನಗಿ ಇದ್ದವನ ಹೆಸರನ್ನು ಬಾಗಿಲ ಮೇಲೆ ಬರೆಸಬೇಕೆಂಬ ಕಾನೂನು ಅಲ್ಲಿ ಬಹುಕಾಲ ಇತ್ತು. ನನಗೆ ಇಷ್ಟವಾದದ್ದು ಅದೇ.

ನಾವು ಬರೆದದ್ದು ಅದೇ ಊರಿನ ಓಲ್ಡ್ ಕ್ರೌನ್ ಬಗ್ಗೆ. 1988ರಲ್ಲಿ ಅದನ್ನು ನಡೆಸುತ್ತಿದ್ದ ಜಿಮ್ ಫರ್ನ್‌ಲಿ ಹಿತ್ತಲಿನ ಕೊಟ್ಟಿಗೆಯಲ್ಲೇ ಬಿಯರ್ ತಯಾರಿಸಲು ಶುರು ಮಾಡಿದ. ಸುತ್ತಲಿನ ಬೆಟ್ಟಗಳ ಹೆಸರನ್ನೇ ಬಿಯರಿಗೆ ಇಟ್ಟ. ಡೋರಿಸ್ ಎಂಬ ಅಜ್ಜಿಯ 90ನೇ ಹುಟ್ಟುಹಬ್ಬದ ಹೆಸರಿನದೂ ಒಂದಿದೆ! 1999ರಲ್ಲಿ ಆ ಬ್ರೂವರಿಯನ್ನು, 2003ರಲ್ಲಿ ಪಬ್ಬನ್ನು ಊರವರೇ ಸಹಕಾರ ಸಂಘ ಕಟ್ಟಿ ಕೊಂಡರು. ಬ್ರಿಟನ್ನಿನ ಮೊದಲ ಸಹಕಾರಿ ಪಬ್ ಅಂತಲೇ ಅದನ್ನು ಕರೆಯುವವರಿದ್ದಾರೆ. ಡಿಕನ್ಸ್ ಇಳಿದಿದ್ದ ಇನ್ ಈಗ ಒಂದು ಮನೆ, ಅಷ್ಟೇ. ಮುಚ್ಚದೆ ಉಳಿದದ್ದು ಯಾವುದು, ನೀವೇ ಹೇಳಿ.

ನಾನು ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡ್ ಎದುರು ಒಂದು ಹೋಟೆಲ್ ಇತ್ತು. ಕಾಸಿಲ್ಲದ ದಿನ ಬೈ-ಟು ಕಾಫಿಯಲ್ಲಿ ಎರಡು ಗಂಟೆ ಕೂತರೂ ಎಬ್ಬಿಸುತ್ತಿರಲಿಲ್ಲ. ಗಲ್ಲಾದಲ್ಲಿದ್ದವರನ್ನು ಎಲ್ಲರೂ 'ಭಟ್ರೇ' ಅಂತಿದ್ದೆವು. ಮೊನ್ನೆ ಹೋದರೆ ಅಲ್ಲಿ ಮೊಬೈಲ್ ಅಂಗಡಿ. ಭಟ್ಟರ ಪೂರ್ತಿ ಹೆಸರು ಒಬ್ಬರಿಗೂ ಗೊತ್ತಿಲ್ಲ. ಬಸ್ ಸ್ಟ್ಯಾಂಡಿಗೆ ಅಡಿಗಲ್ಲು ಇಟ್ಟ ಮಂತ್ರಿಯ ಹೆಸರು ಮಾತ್ರ ಅಮೃತಶಿಲೆಯಲ್ಲಿದೆ. ಅವರು ಬಂದದ್ದು ಹತ್ತು ನಿಮಿಷ, ಅಲ್ವಾ?

ಇತಿಹಾಸದ ಮೇಷ್ಟ್ರು ನೀವು, ನಿಮಗೊಂದು ಹೋಂವರ್ಕ್. ದಾವಣಗೆರೆಯಲ್ಲಿ ನೀವು ತಿಂದ ಮೊದಲ ಬೆಣ್ಣೆ ದೋಸೆ ಹುಯ್ದವರು ಯಾರು? ಅಪ್ಪನ ಹೆಸರು, ಊರು ಸಮೇತ ಬರೆದು ಕಳಿಸಿ. ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.