ಮುಂಬೈಯಲ್ಲಿ ಕಸ್ಟಮ್ಸ್ ಇಲಾಖೆಯ ಪರ ವಕೀಲರಾದರೆ ದಿನನಿತ್ಯ ಏನು ಕೆಲಸ?

ನಾನು ಮಾಟುಂಗಾದ ಕನ್ನಡಿಗ, ಬಾಂಬೆ ಹೈಕೋರ್ಟಿನಲ್ಲಿ ಇಲಾಖೆಯ ಪರ ವಾದಿಸುತ್ತೇನೆ. ವಾದಕ್ಕಿಂತ ಕಡತ ಓದುವುದೇ ಹೆಚ್ಚು.

ಸುಂಕದ ದರ, ಸರಕಿನ ಮೌಲ್ಯದ ವಿವಾದಗಳು ಕಸ್ಟಮ್ಸ್ ಮೇಲ್ಮನವಿ ನ್ಯಾಯಮಂಡಳಿಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುತ್ತವೆ. ನಮ್ಮೆದುರು ಬರುವುದರಲ್ಲಿ ಜಪ್ತಿಯಾದ ಸರಕು ಬಿಡಿಸಿಕೊಳ್ಳುವ ರಿಟ್ ಅರ್ಜಿಗಳೇ ಬಹಳ. ನಾನು ಮೊದಲು ಬೆರಳಿಡುವುದು ಪಂಚನಾಮೆಯ, ಅಂದರೆ ಜಪ್ತಿಯ ದಾಖಲೆಯ, ತಾರೀಖಿನ ಮೇಲೆ. 1962ರ ಕಸ್ಟಮ್ಸ್ ಕಾಯ್ದೆಯ 110ನೇ ಕಲಮಿನಂತೆ ಜಪ್ತಿಯಾದ ಆರು ತಿಂಗಳೊಳಗೆ ನೋಟಿಸ್ ಕೊಡದಿದ್ದರೆ ಸರಕು ಹಿಂದಿರುಗಿಸಬೇಕು. ಲಿಖಿತ ಕಾರಣ ಕೊಟ್ಟು ಇನ್ನಾರು ತಿಂಗಳು ವಿಸ್ತರಿಸಬಹುದು, ಅಷ್ಟೇ. ನವಾ ಶೇವಾ ಬಂದರಿನಲ್ಲಿ ಕಂಟೇನರ್ ನಿಂತಷ್ಟೂ ದಿನ ಆಮದುದಾರನಿಗೆ ಬಾಡಿಗೆ ಏರುತ್ತದೆ.

ಗಡುವು ಮೀರಿದ್ದರೆ ಅಧಿಕಾರಿಗೆ ಅದನ್ನು ಮುಖಕ್ಕೆ ಹೇಳುವ ಧೈರ್ಯ ಬೇಕು. ಸರ್ಕಾರಿ ವಕೀಲಿಕೆಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಗುಣ ಅದು.